ನಾಲ್ಕನೇ ಸ್ಕ್ರೂ

ಶಾಂಭವಿ ಮೇಡಂ ಮನೆಯ ಗೇಟು ತೆರೆದ ಸದ್ದಾದಾಗ ನಾನು ಅವರ ಜಗಲಿಯಲ್ಲಿ ಕೂತು ಎರಡನೇ ಲೋಟ ಕಾಫಿಗೆ ಕಾಯುತ್ತಿದ್ದೆ. ಗುರುವಾರ ಬೆಳಿಗ್ಗೆ ಒಂಬತ್ತು ಗಂಟೆ. ಬಂದವರು ಇಬ್ಬರು. ಮಲಕವ್ವ ನಮಗೆ ಗೊತ್ತಿದ್ದವಳೇ. ಜಾಲಹಳ್ಳಿಯ ನಮ್ಮ ಬೀದಿಗೆ ವಾರಕ್ಕೆರಡು ಸಲ ಜೋಳದ ರೊಟ್ಟಿ ತಂದು ಮಾರುತ್ತಾಳೆ. ಆವತ್ತು ಅವಳ ಕೈಯಲ್ಲಿ ಬುಟ್ಟಿ ಇರಲಿಲ್ಲ. ಜೊತೆಯಲ್ಲಿ ಮೂವತ್ತರ ಆಸುಪಾಸಿನ ಮಗಳು ಸುಮಂಗಲಾ ಇದ್ದಳು.

"ಮೇಡಂರೀ, ನನ್ನ ಮಗಳ ಪಾಸ್‌ಪೋರ್ಟ್ ಯಾರೋ ತಗೊಂಡಾರ್ರೀ," ಎಂದವಳೇ ಮಲಕವ್ವ ಮೆಟ್ಟಿಲ ಮೇಲೆ ಕುಸಿದು ಕೂತಳು. ಮಗಳು ಕೂರಲಿಲ್ಲ. ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಮಾತಾಡಿದಳು.

ಸುಮಂಗಲಾ ಎರಡು ವರ್ಷದಿಂದ ಇಂಗ್ಲೆಂಡಿನ ಒಂದು ಊರಿನಲ್ಲಿ, ವಯಸ್ಸಾದವರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಮಿನಲ್ಲಿ ನರ್ಸ್. ಅಲ್ಲಿ ಕೆಲಸ ಕೊಟ್ಟವರೇ ವೀಸಾಕ್ಕೆ ಸ್ಪಾನ್ಸರ್. ಅವರನ್ನು ಬಿಟ್ಟರೆ ವೀಸಾವೂ ಹೋಗುತ್ತದೆ, ಬೇರೆ ಸ್ಪಾನ್ಸರ್ ಸಿಕ್ಕರೆ ಹೊಸದಾಗಿ ಅರ್ಜಿ ಹಾಕಬೇಕು. ಅವಳು ಸದ್ದಿಲ್ಲದೆ ಒಂದು ಆಸ್ಪತ್ರೆಯಲ್ಲಿ ಕೆಲಸ ಗಿಟ್ಟಿಸಿದ್ದಳು. ಅವರ ಕಾಗದ ಬಂದಿತ್ತು. ರಜೆಗೆಂದು ಊರಿಗೆ ಬಂದವಳು ಇಲ್ಲಿಂದಲೇ ಹೊಸ ವೀಸಾಕ್ಕೆ ಹಾಕಿ, ಶುಕ್ರವಾರ ಹತ್ತು ಗಂಟೆಗೆ ವೀಸಾ ಕೇಂದ್ರದಲ್ಲಿ ಪಾಸ್‌ಪೋರ್ಟ್ ಕೊಡಬೇಕಿತ್ತು.

"ನಾಳೆ ತಪ್ಪಿದರೆ?" ಎಂದು ಮೇಡಂ ಕೇಳಿದರು.

"ಆಸ್ಪತ್ರೆಯವರು ಕೊಟ್ಟ ಗಡುವು ಮುಗೀತದ್ರೀ. ಬ್ಯಾರೆಯವರನ್ನ ತಗೋತಾರ."

"ಹಳೇ ಕೆಲಸ ಇದೆಯಲ್ಲ?" ಎಂದು ನಾನು ಬಾಯಿ ಹಾಕಿದೆ.

ಅವಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. ಬೆಳಗಿನ ಜಾವ ಬಂದ ಮೇಲ್. ನೀನು ಬೇರೆ ಕಡೆ ಹೊರಟಿರುವುದು ನಮಗೆ ತಿಳಿದಿದೆ, ನಿನ್ನನ್ನು ಕೆಲಸದಿಂದ ತೆಗೆದಿದ್ದೇವೆ, ಸರ್ಕಾರಕ್ಕೂ ತಿಳಿಸಿದ್ದೇವೆ ಎಂದು ಅಲ್ಲಿನ ಮ್ಯಾನೇಜರ್ ಬರೆದಿದ್ದ. ಇದನ್ನು ಓದಿ ಗಾಬರಿಯಾಗಿ ಖಾನೆ ತೆಗೆದು ನೋಡಿದರೆ ಪಾಸ್‌ಪೋರ್ಟ್ ಮಾಯ. ಹಿಂದಕ್ಕೂ ಹೋಗುವಂತಿಲ್ಲ, ಮುಂದಕ್ಕೂ ಹೋಗುವಂತಿಲ್ಲ. ನನಗೇ ಕಾಫಿ ಸೇರದಂತಾಯಿತು.

"ಆ ಕೆಲಸ ಬಿಡಬೇಕು ಅಂತ ಯಾಕೆ ಅನ್ನಿಸಿತು?" ಮೇಡಂ ಕೇಳಿದರು.

"ಅಲ್ಲಿ ಇರಾಕ ಆಗೂದಿಲ್ರೀ," ಎಂದ ಸುಮಂಗಲಾ ತಾಯಿಯ ಕಡೆ ನೋಡಿ ಮತ್ತೆ ನಡೆಯತೊಡಗಿದಳು. ಮೇಡಂ ಮತ್ತೆ ಕೇಳಲಿಲ್ಲ.

ಶಾಂಭವಿ ಮೇಡಂ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲಿಯ ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದವರು. ನಾನು ಅದೇ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದೆ. ನಲ್ಲಪ್ಪ ಎಂಬ ನನ್ನ ಹೆಸರು ಅವರಿಗೆ ಗೊತ್ತಾದದ್ದೇ ನನ್ನ ಇನ್ನೂರು ಪೀಸುಗಳನ್ನು ಒಂದೇ ಬೆಳಿಗ್ಗೆ ರಿಜೆಕ್ಟ್ ಮಾಡಿದ ದಿನ. ಆವತ್ತು ಅವರಿಗೆ ಹಿಡಿಶಾಪ ಹಾಕಿದ್ದೆ. ಈಗ ಬೀದಿಯವರ ಕಳೆದ ಸರ, ಕಾಣೆಯಾದ ಪತ್ರ ಹುಡುಕಲು ಅವರನ್ನು ನನ್ನ ಸ್ಕೂಟರಿನಲ್ಲಿ ಕೂರಿಸಿಕೊಂಡು ಓಡಾಡುತ್ತೇನೆ. ಪೆನ್ಷನ್ ಬಂದ ಮೇಲೆ ಮನುಷ್ಯನಿಗೆ ಮಾನ ಮರ್ಯಾದೆ ಕಮ್ಮಿಯಾಗುತ್ತದೆ.

ಮಲಕವ್ವನ ಮನೆ ಮಾಕಳಿಯಲ್ಲಿ, ತುಮಕೂರು ರಸ್ತೆಯಿಂದ ಒಳಗೆ. ಒಂದು ಕೋಣೆ, ಒಂದು ಅಡುಗೆಮನೆ. ಮಲಕವ್ವ ಮತ್ತು ಅವಳ ಮಗ ಬಸಲಿಂಗ ಅಲ್ಲಿ ಇರುವುದು. ಅವನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರದ ಭಾಗ ಜೋಡಿಸುವ ಫಿಟ್ಟರ್; ಬೆಳಿಗ್ಗೆ ಆರರಿಂದ ಎರಡರ ಶಿಫ್ಟಿಗೆ ಹೋಗಿದ್ದ. ಗೋಡೆಗೆ ಅವನ ಟೂಲ್ ಬ್ಯಾಗ್ ತೂಗುಹಾಕಿತ್ತು. ಒಂದೊಂದು ಸ್ಪ್ಯಾನರಿಗೂ ಒಂದೊಂದು ಜೇಬು ಹೊಲಿದಿತ್ತು. ನಾನೇ ಅಷ್ಟು ಓರಣವಾಗಿ ಇಟ್ಟವನಲ್ಲ.

ಪಾಸ್‌ಪೋರ್ಟ್ ಇದ್ದದ್ದು ಹಳೆಯ ಮರದ ಮೇಜಿನ ಖಾನೆಯಲ್ಲಿ. ಮೇಜು ಮನೆ ಒಡತಿ ಪಿಳ್ಳಮ್ಮನದು, ಬಾಡಿಗೆಯ ಜೊತೆಗೇ ಬಂದದ್ದು. ಖಾನೆಯ ಬೀಗದ ಕೈ ಸುಮಂಗಲಾಳ ಕೊರಳ ಸರದಲ್ಲೇ ಇತ್ತು, ರಾತ್ರಿ ಹಗಲು. ಬೀಗಕ್ಕೆ ಒಂದು ಗೀರೂ ಆಗಿರಲಿಲ್ಲ.

"ಕೊನೆಯ ಸಲ ಪಾಸ್‌ಪೋರ್ಟ್ ನೋಡಿದ್ದು ಯಾವಾಗ?" ಮೇಡಂ ಕೇಳಿದರು.

"ನಿನ್ನೆ ಮುಂಜಾನೆ ರೀ. ಜೆರಾಕ್ಸ್ ಮಾಡಿಸಿ ಮತ್ತ ಇಟ್ಟೆ. ಆವಾಗ ಈ ಖಾನೆ ಮಣಕಾಲು ಕೊಟ್ಟು ಎಳದ್ರೂ ಬರವೊಲ್ದಾಗಿತ್ತು."

ಮೇಡಂ ಒಂದು ಬೆರಳಿನಿಂದ ಎಳೆದರು. ಖಾನೆ ಬೆಣ್ಣೆಯ ಹಾಗೆ ಜಾರಿ ಬಂತು. ಮಲಕವ್ವ ಬಾಯಿ ಬಿಟ್ಟಳು; ಬೆಳಗಿನ ಗಾಬರಿಯಲ್ಲಿ ಮಗಳು ಅದನ್ನು ಗಮನಿಸಿರಲಿಲ್ಲ. ಮೇಡಂ ಖಾನೆಯ ಅಂಚನ್ನು ಮುಟ್ಟಿ ಬೆರಳನ್ನು ಮೂಸಿ ನೋಡಿದರು. ಮೇಣದ ವಾಸನೆ. ನನ್ನಿಂದ ಮೇಜನ್ನು ಗೋಡೆಯಿಂದ ಈಚೆಗೆ ಎಳೆಸಿದರು. ಹಿಂಭಾಗಕ್ಕೆ ಒಂದು ಪ್ಲೈವುಡ್ ಹಲಗೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಮೂರು ತುಕ್ಕು ಹಿಡಿದವು, ಒಂದು ಹೊಸದು. ನಾಲ್ಕರ ತಲೆಯಲ್ಲಿ ಸ್ಕ್ರೂಡ್ರೈವರ್ ಕೂರುವ ಗೀರುಗಳೂ ಒಂದೇ ನೇರಕ್ಕೆ ನಿಂತಿದ್ದವು.

ಅದೇ ಹೊತ್ತಿಗೆ ಸರಿಯಾಗಿ ಪಿಳ್ಳಮ್ಮ ಬಂದರು. ಎಪ್ಪತ್ತು ದಾಟಿದ ಮುದುಕಿ. ಮನೆಯವರನ್ನು ಬಿಟ್ಟರೆ ಬಾಗಿಲ ಕೀಲಿ ಇರುವುದು ಅವರ ಹತ್ತಿರ ಮಾತ್ರ.

"ಇನ್ನೊಂದು ಸ್ಕ್ರೂ ಎಲ್ಲಿಂದ ಬಂತವ್ವಾ?" ಎಂದು ಅವರೇ ಕೇಳಿದರು. "ನಮ್ಮೆಜಮಾನ್ರು ಇದ್ದಾಗ್ಲಿಂದ ಮೂರೇ ಇದ್ದಿದ್ದು. ನಂಗೇನೂ ಗೊತ್ತಿಲ್ಲಪ್ಪ, ನನ್ ಕೈಲಿ ಸ್ಕ್ರೂ ಇಡಿಯಕ್ಕೂ ಆಗಾಕಿಲ್ಲ." ಅವರ ಬೆರಳುಗಳು ಸಂಧಿವಾತದಿಂದ ಸೊಟ್ಟಗಾಗಿದ್ದವು.

ಹಿಂದಿನ ದಿನ ಏನೇನಾಯಿತೆಂದು ಮೇಡಂ ಕೇಳಿದರು. ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ತಾಯಿ ಮಗಳು ಬಟ್ಟೆ ತರಲು ಹೋಗಿದ್ದರು, ಮನೆಗೆ ಬೀಗ ಹಾಕಿತ್ತು. ವಾಪಸು ಬಂದಾಗ ಬಾಗಿಲಲ್ಲಿ ಮುನೀಂದ್ರ ಕಾಯುತ್ತಿದ್ದ. ಸುಮಂಗಲಾಳನ್ನು ಇಂಗ್ಲೆಂಡಿಗೆ ಕಳಿಸಿದ ಏಜೆಂಟ್ ಅವನೇ. ನನ್ನ ಹೆಸರು ಕೆಡಿಸುತ್ತೀಯಾ ಎಂದು ಕೂಗಾಡಿದ. ಅವನನ್ನು ಸಮಾಧಾನ ಮಾಡಲು ಇಬ್ಬರೂ ಚಹಾಕ್ಕೆ ಒಳಗೆ ಹೋದಾಗ ಐದು ನಿಮಿಷ ಕೋಣೆಯಲ್ಲಿ ಅವನೊಬ್ಬನೇ ಇದ್ದ. ಬಸಲಿಂಗ ಓಟಿಯ ಹೆಚ್ಚುವರಿ ಕೆಲಸ ಮುಗಿಸಿ ಆರಕ್ಕೆ ಮನೆಗೆ ಬಂದ.

"ಅಂವನ ರೀ!" ಎಂದಳು ಸುಮಂಗಲಾ. "ನಾ ಬಿಟ್ರ ಅಂವಗ ಆ ನರ್ಸಿಂಗ್ ಹೋಮಿನವರು ಬ್ಯಾರೆ ಯಾರನ್ನೂ ಕೇಳೂದಿಲ್ಲ. ಮ್ಯಾನೇಜರ್‌ಗೆ ಹೇಳ್ದಾವನೂ ಅಂವನ. ಹತ್ತು ವರ್ಷ ಪೀಣ್ಯದಾಗ ಲೇತ್ ಇಟ್ಟಾಂವ, ಸ್ಕ್ರೂ ಬಿಚ್ಚೂದು ಅಂವಗ ಯಾವ ದೊಡ್ಡ ಕೆಲಸ?"

ನನಗೂ ಹಾಗೇ ಅನ್ನಿಸಿತು. ಸ್ಕೂಟರನ್ನು ನೇರ ಪೀಣ್ಯಕ್ಕೆ ಬಿಟ್ಟೆ.

ಮುನೀಂದ್ರನ ಆಫೀಸು ಒಂದು ಬೇಕರಿಯ ಮಹಡಿ ಮೇಲೆ. ಬೋರ್ಡು ಎರಡು ಸ್ಕ್ರೂಗಳ ಮೇಲೆ ಓರೆಯಾಗಿ ಜೋತುಬಿದ್ದಿತ್ತು. ಒಳಗೆ ಕುರ್ಚಿಯ ಕೈ ಕಿತ್ತುಬಂದಿತ್ತು. ಅದಕ್ಕೆ ಹಗ್ಗ ಸುತ್ತಿದ್ದ.

"ಮೇಡಂ, ಕೂಗಾಡಿದ್ದು ನಿಜ. ಪಾಸ್‌ಪೋರ್ಟ್ ಮುಟ್ಟಿಲ್ಲ ಕಣ್ರೀ," ಎಂದ. "ಮಂಗಳವಾರ ಆ ಮ್ಯಾನೇಜರ್ರೇ ಫೋನ್ ಮಾಡಿ, ನಿನ್ ಹುಡುಗಿ ಬಿಡ್ತಿದಾಳಂತೆ ಅಂದ್ರು. ನಂಗೆ ಗೊತ್ತಾಗಿದ್ದೇ ಆಗ. ಉರಿದುಹೋಯ್ತು, ಬಂದ್ಬಿಟ್ಟೆ."

"ಸುಳ್ಳು ಹೇಳಬೇಡಿ," ಎಂದೆ ನಾನು. ಮೇಡಂ ನನ್ನ ಕಡೆ ಒಂದು ನೋಟ ಬೀರಿದರು. ಇನ್ನೂರು ಪೀಸು ರಿಜೆಕ್ಟ್ ಆದ ದಿನ ನೋಡಿದ್ದು ಅದೇ ನೋಟ.

"ನೀವು ಬಸಲಿಂಗನ ಕಾರ್ಖಾನೆಗೆ ಹೋಗಿ, ಶಿಫ್ಟ್ ಮುಗಿದ ಕೂಡಲೇ ಮನೆಗೆ ಬರಲು ಹೇಳಿ," ಎಂದರು. "ಮುನೀಂದ್ರ ಅವರೇ, ನೀವೂ ಮೂರು ಗಂಟೆಗೆ ಮಾಕಳಿಗೆ ಬನ್ನಿ."

ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವನು ಪರಿಚಯದವನು. ಒಳಗೆ ಹೇಳಿ ಕಳಿಸುವಾಗ ಗೊಣಗಿಕೊಂಡ: "ಆರ್ಡರ್ರೇ ಇಲ್ಲ ಸಾರ್. ಹದಿನೈದು ದಿನದಿಂದ ಓಟಿ ನಿಂತೋಗಿದೆ. ಎರಡಕ್ಕೆ ಎಲ್ರೂ ಹೊರಗೆ. ಯಾವಾಗ ಮುಚ್ತಾರೋ." ಕೆಟ್ಟ ಕಾಲ ಎಂದುಕೊಂಡು ಮೇಡಂಗೆ ಅದನ್ನು ಸುಮ್ಮನೆ ಹೇಳಿದೆ. ಅವರು ಹೂಂ ಎಂದರು, ಅಷ್ಟೇ.

ಮೂರು ಗಂಟೆಗೆ ಆ ಕೋಣೆಯಲ್ಲಿ ಎಲ್ಲರೂ ಸೇರಿದೆವು. ಪಿಳ್ಳಮ್ಮ ಚಾಪೆಯ ಮೇಲೆ, ಮುನೀಂದ್ರ ಬಾಗಿಲ ಬಳಿ, ಮಲಕವ್ವ ಅಡುಗೆಮನೆಯ ಹೊಸ್ತಿಲಲ್ಲಿ. ಬಸಲಿಂಗ ಕೆಲಸದ ಬಟ್ಟೆಯಲ್ಲೇ ಗೋಡೆಗೆ ಒರಗಿ ನಿಂತಿದ್ದ. ಇಪ್ಪತ್ತಾರರ ಯುವಕ, ಮೆತ್ತಗಿನ ಸ್ವಭಾವ. ಸುಮಂಗಲಾ ನಿಮಿಷಕ್ಕೊಮ್ಮೆ ಫೋನಿನಲ್ಲಿ ಗಂಟೆ ನೋಡುತ್ತಿದ್ದಳು.

"ಕದ್ದವರು ಮುಂದಿನಿಂದ ಬೀಗ ಮುಟ್ಟಿಲ್ಲ," ಎಂದು ಮೇಡಂ ಶುರುಮಾಡಿದರು. "ಮೇಜು ಎಳೆದು, ಹಿಂದಿನ ಹಲಗೆ ಬಿಚ್ಚಿ, ಖಾನೆಗೆ ಕೈ ಹಾಕಿದ್ದಾರೆ. ಅದು ಐದು ನಿಮಿಷದಲ್ಲಿ ಆಗಬಹುದು. ಮುನೀಂದ್ರ ಅವರ ಮೇಲೆ ಅನುಮಾನ ಬಂದದ್ದು ಅದಕ್ಕೇ. ಆದರೆ ಕದ್ದವರು ಅಲ್ಲಿಗೆ ನಿಲ್ಲಿಸಿಲ್ಲ. ಖಾನೆ ಯಾಕೆ ಹಿಡಿಯುತ್ತದೆ ಅಂತ ನೋಡಿ, ಹಿಂದಿನಿಂದಲೇ ಉಬ್ಬಿದ ಮರ ಉಜ್ಜಿ, ಮೇಣ ಹಚ್ಚಿದ್ದಾರೆ. ಎಷ್ಟೋ ವರ್ಷದಿಂದ ಇಲ್ಲದ ನಾಲ್ಕನೇ ಸ್ಕ್ರೂವನ್ನೂ ಹಾಕಿದ್ದಾರೆ. ಅದಕ್ಕೆ ಮುಕ್ಕಾಲು ಗಂಟೆ ಬೇಕು, ಮನೆ ಖಾಲಿ ಇರಬೇಕು. ಅಂದರೆ ಎರಡೂವರೆಯಿಂದ ನಾಲ್ಕರ ನಡುವೆ, ಕೀಲಿ ಇದ್ದವರು ಮಾಡಿದ್ದು."

"ಕಳ್ಳ ರಿಪೇರಿ ಮಾಡ್ತಾನೇನವ್ವಾ?" ಪಿಳ್ಳಮ್ಮ ನಕ್ಕರು.

"ಕಳ್ಳ ಮಾಡಲ್ಲ ಅಮ್ಮ. ಫಿಟ್ಟರ್ ಮಾಡುತ್ತಾನೆ. ಬಿಚ್ಚಿದ ಕೆಲಸವನ್ನು ಕೆಟ್ಟದಾಗಿ ಮುಚ್ಚಲು ಒಳ್ಳೆಯ ಫಿಟ್ಟರನ ಕೈ ಒಪ್ಪುವುದಿಲ್ಲ. ಸ್ಕ್ರೂ ತಲೆಗಳನ್ನೂ ಒಂದೇ ನೇರಕ್ಕೆ ನಿಲ್ಲಿಸಿದ್ದಾನೆ. ಮುನೀಂದ್ರ ಲೇತ್ ಇಟ್ಟಿದ್ದವರೇ, ಆದರೆ ತಮ್ಮ ಬೋರ್ಡನ್ನೇ ಎರಡು ಸ್ಕ್ರೂ ಮೇಲೆ ತೂಗುಬಿಟ್ಟವರು. ಪಿಳ್ಳಮ್ಮನವರ ಹತ್ತಿರ ಕೀಲಿ ಇದೆ, ಸ್ಕ್ರೂ ತಿರುಗಿಸುವ ಕೈ ಇಲ್ಲ. ಉಳಿದವರು ಒಬ್ಬರೇ. ನಿನ್ನೆ ಆರರವರೆಗೆ ಓಟಿ ಇತ್ತು ಅಂದರು. ಆ ಕಾರ್ಖಾನೆಯಲ್ಲಿ ಹದಿನೈದು ದಿನದಿಂದ ಓಟಿಯೇ ಇಲ್ಲ."

ಮಲಕವ್ವ ಎದ್ದು ನಿಂತಳು. "ಖಾನಿ ರಿಪೇರಿ ಮಾಡಪ್ಪಾ ಅಂತ ಎಷ್ಟ್ ಸಲ ಹೇಳಿದ್ದೆನಲ್ಲೋ ಬಸಲಿಂಗ," ಎಂದಳು. ಅವಳ ದನಿ ಕೇಳಿ ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು.

ಬಸಲಿಂಗ ಟೂಲ್ ಬ್ಯಾಗಿನ ಅಡಿಯಿಂದ ಒಂದು ಪೊಟ್ಟಣ ತೆಗೆದ. ಪ್ಲಾಸ್ಟಿಕ್ ಚೀಲ, ಒಳಗೆ ಒಗೆದ ಬಿಳಿ ಬಟ್ಟೆ, ಅದರೊಳಗೆ ಪಾಸ್‌ಪೋರ್ಟ್. ಅಕ್ಕನ ಮುಂದೆ ಇಟ್ಟ.

"ನಾಳೆ ಸಂಜೀಕ ಕೊಡಾಂವ ಇದ್ದೆ ಯಕ್ಕಾ. ನೀ ನಾಳೆ ಹೋಗದಿದ್ರ ಹಳೇ ಕಡೀಗೇ ಹೋಗ್ತಿ ಅನ್ಕೊಂಡಿದ್ದೆ. ಅಲ್ಲಿ ನನಗೂ ಮೇಂಟೆನೆನ್ಸ್ ಕೆಲಸ ಕೊಡ್ತೀನಿ, ವೀಸಾಕ್ಕೂ ಸ್ಪಾನ್ಸರ್ ಆಗ್ತೀನಿ ಅಂತ ನಿಮ್ಮ ಮ್ಯಾನೇಜರ್ ಮೆಸೇಜ್ ಮಾಡಿದ್ರು. ನೀ ಬಿಟ್ರ ನಂದೂ ಇಲ್ಲ ಅಂದ್ರು. ನಮ್ಮ ಫ್ಯಾಕ್ಟರಿ ಈ ತಿಂಗಳೋ ಮುಂದಿನ ತಿಂಗಳೋ ಮುಚ್ತದ. ಅಕ್ಕ ಬಿಡಾಕತ್ತಾಳ, ನೀವ ತಡೀರಿ ಅಂತ ನಾನ ಅವರಿಗೆ ಹೇಳ್ದೆ. ಕೆಲಸದಿಂದ ತಗೀತಾರ ಅಂತ ನನಗ ಗೊತ್ತಿರಲಿಲ್ಲ."

"ಮೇಂಟೆನೆನ್ಸ್ ಕೆಲಸಕ್ಕೆ ಅಲ್ಲಿ ವೀಸಾ ಸಿಗಲ್ಲ ಗುರು," ಎಂದ ಮುನೀಂದ್ರ, ಮೊದಲ ಬಾರಿ ಮೆಲ್ಲಗೆ. "ನನ್ ಹತ್ರ ಒಂದು ಮಾತು ಕೇಳೋದಲ್ವಾ?"

ಸುಮಂಗಲಾ ಆಗ ಕೂತಳು. ಬೆಳಿಗ್ಗೆಯಿಂದ ಅವಳು ಕೂತದ್ದು ಅದೇ ಮೊದಲು. ಪಾಸ್‌ಪೋರ್ಟನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಿಗ್ಗೆ ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು.

"ಯಾಕ ಬಿಡ್ತೀನಿ ಅಂತ ಅವ್ವನ ಮುಂದ ಹೇಳಿರಲಿಲ್ರೀ, ಅಳ್ತಾಳ ಅಂತ. ನಾ ಹೋದ ಮೊದಲ ವಾರ ಜೋಪಾನ ಇಡ್ತೀನಿ ಅಂತ ಮ್ಯಾನೇಜರ್ ನನ್ನ ಪಾಸ್‌ಪೋರ್ಟ್ ಇಸ್ಕೊಂಡ. ಎರಡು ವರ್ಷ ಅಂವನ ಮೇಜಿನ ಖಾನ್ಯಾಗ ಇತ್ತು. ನಮ್ಮ ಐದು ಮಂದಿದು, ರಬ್ಬರ್ ಬ್ಯಾಂಡ್ ಹಾಕಿ. ಹದಿನಾಲ್ಕು ತಾಸು ದುಡಿ ಅಂದ್ರ ದುಡೀಬೇಕು. ಇಲ್ಲ ಅಂದ್ರ ಖಾನಿ ಕಡೆ ಬೆರಳು ತೋರಸ್ತಿದ್ದ. ವಾಪಸ್ ಬರ್ತೀನಿ ಅಂತ ಬರಕೊಟ್ಟ ಮ್ಯಾಲೆ ಈ ರಜಾಕ್ಕ ಕೈಗೆ ಕೊಟ್ಟ."

ಬಸಲಿಂಗನ ಮುಖ ಬಿಳಿಚಿಕೊಂಡಿತು. ನಾಚಿಕೆ ಎಂದುಕೊಂಡೆ. ಅಕ್ಕನಿಗೆ ಹಾಗೆ ಕಾಣಲಿಲ್ಲ. ಅವಳು ಅವನನ್ನೇ ನೋಡುತ್ತಿದ್ದಳು.

"ಬಸಲಿಂಗ, ನೀನೂ ಹೋದ ವರ್ಷ ಪಾಸ್‌ಪೋರ್ಟ್ ಮಾಡಿಸಿದ್ಯಲ್ಲ. ನಿಂದು ಎಲ್ಲೈತಿ?"

ಅವನು ಟೂಲ್ ಬ್ಯಾಗಿನ ಪಟ್ಟಿ ಬಿಗಿಯತೊಡಗಿದ. ಅವಳು ಎದ್ದು ಅವನ ಭುಜ ಹಿಡಿದು ಮತ್ತೆ ಕೇಳಿದಳು.

"ಕಳಿಸೀನಿ ಯಕ್ಕಾ," ಎಂದ ಬಸಲಿಂಗ. "ಹೋದ ಸೋಮವಾರ ನಿಮ್ಮ ಮ್ಯಾನೇಜರ್‌ಗೆ ಕೊರಿಯರ್ ಮಾಡಿದೆ. ಜೋಪಾನ ಇಡ್ತೀನಿ ಅಂದ್ರು."