ಬೆಟ್ಟದ ಹಿಂಬದಿ

“ಬರೋ ಭಾನುವಾರ ಶಿಖರ ಹತ್ತೋದು, ಅವತ್ತೇ ಇಳಿದು ಬರೋದು,” ಎನ್ನುತ್ತ ಟೇಲರಮ್ಮ ಕಟಿಂಗ್ ಟೇಬಲ್ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ನಕ್ಷೆ ಹರಡಿದಳು. “ಯಾರ್ಯಾರು ಬರ್ತೀರಿ?”

ಬರುವವರು ಇದ್ದಿದ್ದೇ ಇಬ್ಬರು. ಬೇಕರಿ ನಡೆಸುವ ತಮ್ಮ ಮತ್ತು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವನ ಹೆಂಡತಿ. ತಮ್ಮನಿಗೆ ಬೆಟ್ಟಕ್ಕಿಂತ ಅಕ್ಕನ ಹಟ ಕಂಡರೆ ಭಯ. ನರ್ಸಿಗೆ ಅತ್ತಿಗೆಯ ಬಲ ಮಂಡಿಯದೇ ಯೋಚನೆ.

“ಅತ್ತಿಗೆ, ಮುಚ್ಚುಮರೆಯಿಲ್ಲದೆ ಹೇಳ್ತೀನಿ. ಈ ಮಂಡಿ ಇದೊಂದು ಸಲ ತಡೆಯುತ್ತೆ. ಮುಂದಿನ ವರ್ಷ ನೀವು ಹೊರಟರೂ ನಾನು ಬಿಡಲ್ಲ.”

“ಒಂದು ಸಲ ಸಾಕು ಕಣೆ.”

ಹೊಲಿಗೆ ಯಂತ್ರದ ಎದುರಿನ ಕಿಟಕಿ ತುಂಬ ಆ ಬೆಟ್ಟವೇ. ಬುಡದಲ್ಲಿ ಕಪ್ಪು ಕಾಡು, ಅದರ ಮೇಲೆ ಹುಲ್ಲು, ಆಮೇಲೆ ಬೂದು ಕಲ್ಲು, ತುದಿಯಲ್ಲಿ ಬೇಸಿಗೆಗೂ ಕರಗದ ಹಿಮದ ತೇಪೆ. ಬಟ್ಟೆ ತೊಡುವವರು ಹೊರಮೈ ನೋಡಿ ಸುಮ್ಮನಾಗುತ್ತಾರೆ; ಹೊಲಿಯುವವಳಿಗೆ ಅದನ್ನು ತಿರುವಿ ಒಳಗಿನ ಹೊಲಿಗೆ ನೋಡದಿದ್ದರೆ ಸಮಾಧಾನವಿಲ್ಲ. ಚಿಕ್ಕಂದಿನಿಂದ ಕಣ್ಣೆದುರಿಗೇ ಕೂತಿರುವ ಇದರ ಹಿಂಬದಿಯಲ್ಲಿ ಏನಿದೆ? ಕೊರಕಲೋ, ಕಾಡೋ, ಊರೋ? ಯಾರನ್ನು ಕೇಳಿದರೂ ಒಂದೊಂದು ಕತೆ ಹೇಳಿದ್ದರು, ಹೋಗಿ ನೋಡಿದವರು ಮಾತ್ರ ಒಬ್ಬರೂ ಸಿಕ್ಕಿರಲಿಲ್ಲ. ಅವಳಿಗೆ ಸಿಕ್ಕಿದ ನಕ್ಷೆಯೂ ಶಿಖರಕ್ಕೇ ಮುಗಿದುಹೋಗಿತ್ತು.

ದಾರಿಯ ಗೆರೆಯುದ್ದಕ್ಕೂ ಕೆಂಪು ನೂಲು ಇಟ್ಟು, ತಿರುವು ಬಂದಲ್ಲಿ ಗುಂಡುಸೂಜಿ ಚುಚ್ಚಿ, ಕೊನೆಗೆ ನೂಲನ್ನು ಟೇಪಿನಲ್ಲಿ ಅಳೆದು ಲೆಕ್ಕ ಹಾಕಿದಳು. “ಅಯ್ಯೋ, ಇಷ್ಟೇನಾ? ಹನ್ನೊಂದಕ್ಕೆಲ್ಲ ತುದಿಯಲ್ಲಿರ್ತೀವಿ.”

“ಸರಿ, ನನ್ನದೊಂದು ಷರತ್ತು,” ಎಂದಳು ನರ್ಸ್. “ಮಧ್ಯಾಹ್ನದ ಮೇಲೆ ಅಲ್ಲಿ ಸಿಡಿಲು, ಆಲಿಕಲ್ಲು. ಎರಡು ಗಂಟೆಗೆ ಎಲ್ಲಿದ್ದರೂ ವಾಪಸ್. ತುದಿ ಕೈಗೆ ಎಟುಕೋ ಹಾಗಿದ್ದರೂ ವಾಪಸ್.”

ಟೇಲರಮ್ಮ ಒಪ್ಪಿದಳು. ಹನ್ನೊಂದಕ್ಕೆ ತಲುಪುವವಳಿಗೆ ಎರಡರ ಷರತ್ತು ಏನು ಮಹಾ?

ಭಾನುವಾರ ಬೆಳಕು ಹರಿಯುವಾಗ ಕಾಡು ಹೊಕ್ಕರು. ಪೈನ್ ಮರಗಳಿಂದ ಉದುರಿದ ಒದ್ದೆ ಸೂಜಿಯೆಲೆಗಳ ಮೇಲೆ ಹೆಜ್ಜೆ ಸದ್ದೇ ಮಾಡುತ್ತಿರಲಿಲ್ಲ. ಎತ್ತರಕ್ಕೆ ಹೋದಷ್ಟೂ ಮರಗಳು ಗಿಡ್ಡವಾಗಿ, ಸೊಂಟದೆತ್ತರಕ್ಕೆ ಇಳಿದು, ಒಂದು ತಿರುವಿನಲ್ಲಿ ಪೂರ್ತಿ ಮುಗಿದೇಹೋದವು. ಅಲ್ಲಿಂದಾಚೆ ಬರೀ ಹುಲ್ಲು, ಗಾಳಿ, ಕಲ್ಲಿನ ಸಂದಿಯಲ್ಲಿ ಗುಂಡಿಯಷ್ಟು ಚಿಕ್ಕ ನೀಲಿ ಹೂಗಳು. ಟೇಲರಮ್ಮ ಪ್ರತಿಯೊಂದನ್ನೂ ಬಗ್ಗಿ ನೋಡಿದಳು, ಪ್ರತಿ ಸಲವೂ ತಮ್ಮ ಅವಳನ್ನು ಎಬ್ಬಿಸಿ ಮುಂದಕ್ಕೆ ತಳ್ಳಿದ.

“ಅಕ್ಕ, ಹನ್ನೊಂದಾಯ್ತು,” ಎಂದ ಅವನು ಏದುಸಿರು ಬಿಡುತ್ತ. “ತುದಿ ಎಲ್ಲಿ?”

ತುದಿ ಇನ್ನೂ ಆಕಾಶದಲ್ಲಿತ್ತು. ಟೇಲರಮ್ಮ ನಕ್ಷೆ ಬಿಡಿಸಿ, ದಾರಿಗೆ ಅಡ್ಡಲಾಗಿ ಒತ್ತೊತ್ತಾಗಿ ಎಳೆದ ಸಣ್ಣ ಗೆರೆಗಳನ್ನು ದಿಟ್ಟಿಸಿದಳು. ಅವಳ ಮುಖ ಸಪ್ಪಗಾಯಿತು.

“ಈ ಗೆರೆಗಳೆಲ್ಲ ಏರು ಕಣೋ. ಒತ್ತಾಗಿದ್ದಷ್ಟೂ ಕಡಿದು. ನಾನು ನೆರಿಗೆ ಬಿಡಿಸದೆ ಅಳತೆ ತಗೊಂಡುಬಿಟ್ಟಿದ್ದೀನಿ.”

ನೆರಿಗೆ ಲಂಗಕ್ಕೆ ಬಟ್ಟೆ ಕಡಿಮೆ ತಂದವರನ್ನು ಬಾಗಿಲಿಂದಲೇ ವಾಪಸ್ ಕಳಿಸುವ ಹೆಂಗಸು ಇವಳು. ತಮ್ಮನಿಗೆ ನಗು ತಡೆಯಲಾಗಲಿಲ್ಲ. ನರ್ಸ್ ಮಾತ್ರ ಗಡಿಯಾರ ನೋಡಿದಳು.

“ಆಮೇಲೆ ನಗಿ. ಚೀಲಗಳು ಈ ಬಂಡೆ ಕೆಳಗಿರಲಿ. ನೀರು, ಜಾಕೆಟ್, ಒಂದೊಂದು ಬ್ರೆಡ್ಡು, ಅಷ್ಟೇ. ಎರಡು ಅಂದರೆ ಎರಡೇ.”

ಮುಂದೆ ಸಡಿಲ ಕಲ್ಲಿನ ಏರು.

ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಕ್ಕೆ. ತಮ್ಮ ಮುಂದೆ, ನರ್ಸ್ ಹಿಂದೆ, ನಡುವೆ ಟೇಲರಮ್ಮ.

“ಕಲ್ಲು!” ತಮ್ಮ ಕೂಗಿದ.

ತಲೆ ಗಾತ್ರದ ಕಲ್ಲೊಂದು ಉರುಳಿ ಬಂತು. ಟೇಲರಮ್ಮ ಪಕ್ಕಕ್ಕೆ ಹಾರಿದಳು. ಮಂಡಿ ಕಲ್ಲಿಗೆ ಬಡಿಯಿತು, ಕಾಲ ಕೆಳಗಿನ ನೆಲವೆಲ್ಲ ಜಾರತೊಡಗಿತು. ನರ್ಸ್ ಅವಳ ಜಾಕೆಟ್ಟಿಗೆ ಕೈ ಹಾಕಿ, ಹಿಮ್ಮಡಿ ಊರಿ ನಿಂತಳು.

ಜಾರುವುದು ನಿಂತಿತು. ಕಲ್ಲು ಮಾತ್ರ ಎಷ್ಟೋ ಹೊತ್ತು ಕೆಳಗೆ ಸದ್ದು ಮಾಡುತ್ತಲೇ ಇತ್ತು.

“ಮಂಡಿ ಮಡಚಿ. ನೋವಿದೆಯಾ?”

“ಇದೆ. ಮಡಚೋಕೂ ಬರುತ್ತೆ. ನಡಿ.”

ಎರಡಕ್ಕೆ ಕಾಲು ಗಂಟೆ ಇರುವಾಗ ಶಿಖರ ಮುಟ್ಟಿದರು. ಟೇಲರಮ್ಮ ಕುಂಟುತ್ತಲೇ ಆಚೆ ಅಂಚಿಗೆ ಓಡಿದಳು.

ಆಚೆ ಏನೂ ಇರಲಿಲ್ಲ. ಬರೀ ಮೋಡ, ಬಿಳಿಯ ಗೋಡೆ. ತಿರುಗಿದರೆ ಹತ್ತಿ ಬಂದ ದಾರಿಯೂ ಮುಚ್ಚಿಹೋಗುತ್ತಿತ್ತು. ಅವಳಿಗೆ ಅಳುವೇ ಬಂತು. ಇನ್ನೊಂದು ಸಲ ಅನ್ನುವುದು ಇರಲಿಲ್ಲವಲ್ಲ.

ಅಷ್ಟರಲ್ಲಿ ಆ ಬಿಳುಪಿನೊಳಗಿಂದ ಕೆಮ್ಮು ಕೇಳಿಸಿತು. ಟೇಲರಮ್ಮನ ವಯಸ್ಸಿನವಳೇ ಒಬ್ಬ ಹೆಂಗಸು, ಹಿಂದೆ ಅವಳ ಗಂಡ, ಇಬ್ಬರೂ ಆಚೆ ಕಡೆಯಿಂದ ಹತ್ತಿ ಬಂದರು. ಹೆಂಗಸು ಇತ್ತ ಬಗ್ಗಿ ನೋಡಿ ಪೆಚ್ಚಾದಳು.

“ಇಲ್ಲೂ ಮೋಡವೇ? ನಿಮ್ಮ ಕಡೆ ಏನಿದೆ ರೀ?”

“ಅದನ್ನೇ ನಾನು ನಿಮ್ಮನ್ನು ಕೇಳೋಣ ಅಂತಿದ್ದೆ,” ಎಂದಳು ಟೇಲರಮ್ಮ.

ಬ್ರೆಡ್ಡು ಮುರಿದು ಹಂಚಿಕೊಂಡು ಕೂತರು. ಆಚೆ ಉದ್ದನೆಯ ಸರೋವರವಿದೆಯಂತೆ. ಗಂಡ ದೋಣಿ ರಿಪೇರಿ ಮಾಡುವವನು. ಗಾಳಿಯಿಲ್ಲದ ಬೆಳಗಿನಲ್ಲಿ ಶಿಖರ ತಲೆಕೆಳಗಾಗಿ ನೀರಿನಲ್ಲಿ ಕಾಣುತ್ತದಂತೆ. ಟೇಲರಮ್ಮ ಹೇಳಿದಳು: ಮರ ಕೊಯ್ಯುವ ಮಿಲ್ಲು, ಒಂದು ಸೇತುವೆ, ತಮ್ಮನ ಬೇಕರಿಯ ಹೊಗೆ, ಸಂಜೆ ದೀಪ ಹಚ್ಚಿದರೆ ಎರಡು ಬೀದಿ. ತನ್ನ ಬೀದಿಯನ್ನು ಯಾರಾದರೂ ಹೀಗೆ ಕಣ್ಣರಳಿಸಿ ಕೇಳಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

“ನನಗೆ ಮೊದಲಿಂದ ಇದೊಂದೇ ಹುಚ್ಚು,” ಎಂದಳು ಆ ಹೆಂಗಸು. “ಬೆಟ್ಟದ ಹಿಂಬದಿ ನೋಡಬೇಕು ಅಂತ.”

“ಯಾವುದು ಹಿಂಬದಿ?”

“ಇನ್ಯಾವುದು? ನಿಮ್ಮ ಕಡೆಯದು.”

ಟೇಲರಮ್ಮ ಬಾಯಲ್ಲಿದ್ದ ಬ್ರೆಡ್ಡು ಅಗಿಯುವುದನ್ನು ಮರೆತಳು.

ಎರಡಾಯಿತು. ನರ್ಸ್ ಅತ್ತಿಗೆಯ ಮುಖ ನೋಡಿ, “ಬೇಕಿದ್ದರೆ ಹತ್ತು ನಿಮಿಷ ಕಾಯೋಣ,” ಎಂದಳು.

“ಬೇಡ. ಒಂದು ಸಲ ಅಳತೆ ತಪ್ಪಿದ್ದು ಸಾಕು,” ಎಂದು ಟೇಲರಮ್ಮ ತಾನೇ ಮೊದಲು ಎದ್ದಳು. ಆ ಗಂಡ ಹೆಂಡತಿಯೂ ಎದ್ದು ಆಚೆ ಕಡೆಗೆ ಇಳಿದರು.

ಎದ್ದಿದ್ದು ಒಳ್ಳೆಯದೇ ಆಯಿತು. ಸಡಿಲ ಕಲ್ಲು ದಾಟುವಷ್ಟರಲ್ಲಿ ಶಿಖರದ ಮೇಲೆ ಸಿಡಿಲು ಹೊಡೆಯಿತು, ಆಲಿಕಲ್ಲು ಬೆನ್ನಟ್ಟಿಕೊಂಡು ಬಂತು. ಮಂಡಿ ಊದಿ ಬನ್ನಿನಷ್ಟಾಗಿತ್ತು. ಕಾಡಿನ ಪೂರ್ತಿ ದಾರಿ ಅವಳು ತಮ್ಮನ ಹೆಗಲಿಗೆ ಜೋತುಬಿದ್ದೇ ಇಳಿದಳು. ರಸ್ತೆಗೆ ಬಂದಾಗ ಮುಸ್ಸಂಜೆ.

ಬೇಕರಿಯ ವ್ಯಾನಿನಲ್ಲಿ ಕೂತು ನರ್ಸ್ ಅತ್ತಿಗೆಯ ಮಂಡಿಗೆ ಬ್ಯಾಂಡೇಜು ಸುತ್ತುತ್ತಿದ್ದಳು. ತಮ್ಮನಿಗೆ ಅಕ್ಕನನ್ನು ನೋಡಿ ಪಾಪ ಅನಿಸಿತು.

“ಇಷ್ಟೆಲ್ಲ ಒದ್ದಾಡಿ ಹಿಂಬದಿ ನೋಡೋಕೇ ಆಗಲಿಲ್ಲವಲ್ಲ, ಅಕ್ಕ.”

ಟೇಲರಮ್ಮ ವ್ಯಾನಿನ ಗಾಜು ಒರೆಸಿ, ಕತ್ತಲಾಗುತ್ತಿದ್ದ ಬೆಟ್ಟವನ್ನು ನೋಡಿದಳು.

“ಬುದ್ಧಿ ಬಂದಾಗಿನಿಂದ ನೋಡ್ತಾನೇ ಇದ್ದೀನಲ್ಲೋ,” ಎಂದಳು.