ಮೂವತ್ತಮೂರರ ಚಿಕ್ಕಪ್ಪ

ನಮ್ಮ ಮನೆಯಲ್ಲಿ ಉಣ್ಣುವ ತಟ್ಟೆಗಳಿಗಿಂತ ಹಾಡುವ ತಟ್ಟೆಗಳೇ ಹೆಚ್ಚು. ಹಳೇ ಪಾಪ್ ಹಾಡುಗಳ ಪುಟ್ಟ ರೆಕಾರ್ಡುಗಳನ್ನು ಕೂಡಿಡುವ ಹುಚ್ಚು ನನ್ನದು.

ಅವುಗಳಲ್ಲೊಂದು ತೀರಿಹೋದ ಚಿಕ್ಕಪ್ಪನದು. ಹಾಡಿರುವವಳು ಹೆಂಗಸು. ಆದರೆ ನಿಮಿಷಕ್ಕೆ ನಲವತ್ತೈದು ಸುತ್ತಿನ ವೇಗದ ಆ ರೆಕಾರ್ಡನ್ನು ಮೂವತ್ತಮೂರರಲ್ಲಿ ತಿರುಗಿಸಿದರೆ ದನಿ ದಪ್ಪಗಾಗಿ, ಥೇಟ್ ಚಿಕ್ಕಪ್ಪನೇ ಹಾಡಿದ ಹಾಗೆ ಕೇಳುತ್ತಿತ್ತು. ಮನೆಮಂದಿಗೆಲ್ಲ ಅದೊಂದು ತಮಾಷೆ.

ಮೊನ್ನೆ ಮಧ್ಯಾಹ್ನ ಚಿಕ್ಕಮ್ಮ ಬಂದರು.

"ಅವರ ದನೀನೇ ಮರೆತುಹೋಗ್ತಿದೆ ಕಣೋ. ಎಲ್ಲರನ್ನೂ ಅಣಕಿಸ್ತೀಯಲ್ಲ, ಅವರ ಥರ ಒಂಚೂರು ಮಾತಾಡೋ."

"ಅವರೊಬ್ಬರು ನನ್ನ ಗಂಟಲಿಗೆ ಬರಲ್ಲ ಚಿಕ್ಕಮ್ಮ. ರೆಕಾರ್ಡ್ ಹಾಕ್ತೀನಿ, ಇರಿ."

ಬಿಸಿಲಲ್ಲಿದ್ದ ರೆಕಾರ್ಡು ಕೈಗೆ ತಣ್ಣಗೆ ತಾಗಿತು. ಮುಳ್ಳು ಇಟ್ಟೆ. ದಪ್ಪ ದನಿ ಶುರುವಾಯಿತು. ಪ್ರತಿ ಸಾಲಿಗೂ ಮುಂಚೆ ಯಾರೋ ಗಂಟಲು ಸರಿಮಾಡಿಕೊಳ್ಳುವ ಸದ್ದು. ಹಿಂದೆಂದೂ ಅದನ್ನು ಕೇಳಿರಲಿಲ್ಲ.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಇವರೇ. ಆದ್ರೆ ಇಷ್ಟು ಅವಸರದ ಮನುಷ್ಯ ಅಲ್ಲ. ಇನ್ನೊಂಚೂರು ನಿಧಾನ ಮಾಡೋ."

ವೇಗದ ಗುಂಡಿಗೆ ಕೈ ಹಾಕಿದೆ. ಅದು ನಲವತ್ತೈದರಲ್ಲೇ ಇತ್ತು. ಬದಲಿಸುವುದನ್ನೇ ನಾನು ಮರೆತಿದ್ದೆ.

"ಬೇಡ ಬಿಡು," ಎಂದರು ಚಿಕ್ಕಮ್ಮ. "ಅವರೇ ನಿಧಾನ ಮಾಡ್ಕೊಂಡ್ರು."