ಸೋರೆಬುರುಡೆಯ ಚಕ್ರಾ

"ಚಕ್ರಾ ಸಬ್‌ಮರೀನ್‌ಗ ಕಿಟಕಿನೇ ಇರಂಗಿಲ್ರಿ ದಾದಿ! ಒಂದೂ ಇರಂಗಿಲ್ಲ!" ಎಂದಳು ಅಲ್ಫಿಯಾ.

ಕಮಲಾಪುರದ ಬಸ್ಸು ಕಲಬುರಗಿ ದಾಟಿ ಆಗಷ್ಟೇ ವೇಗ ಹಿಡಿದಿತ್ತು. ಅವಳು ದಾದಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದ ಪಕ್ಕದ ಸೀಟಿನ ಮುದುಕಿ ತೊಡೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು ಬೆರಗಿನಿಂದ ಕೇಳುತ್ತಿದ್ದಳು.

"ಅಯ್ಯ ಬೇಟಿ, ಕಿಟಕಿ ಇಲ್ಲದಿದ್ರ ಡ್ರೈವರ್‌ಗ ದಾರಿ ಹ್ಯಾಂಗ ಕಾಣ್ತದ?"

"ಕಾಣಂಗಿಲ್ರಿ, ಕೇಳ್ತದ! ಸಬ್‌ಮರೀನ್ ಅಂದ್ರ ಕಿವಿಗೊಟ್ಟು ಕೇಳ್ಕೋತ ಹೋಗೋದು. ದೂರ ಹೊಂಟ ಹಡಗದ ಸಪ್ಪಳನೂ ಅದಕ್ಕ ಗೊತ್ತಾಗ್ತದ. ಆದ್ರ ಅದರ ಸಪ್ಪಳ ಮಾತ್ರ ಯಾರಿಗೂ ಕೇಳಬಾರ್ದು. ಅದಕ್ಕ ಮೈತುಂಬ ರಬ್ಬರ್ ಟೈಲ್ಸ್ ಹಚ್ಚಿರ್ತಾರ."

"ಮತ್ತ ನಡುಸಮುದ್ರದಾಗ ಡೀಸೆಲ್ ತೀರಿದ್ರ?"

"ಇದಕ್ಕ ಅಣುಶಕ್ತಿ ಅದ ರೀ, ಡೀಸೆಲ್ ಬ್ಯಾಡ. ಡೀಸೆಲ್ ಸಬ್‌ಮರೀನ್‌ಗೋಳು ಬ್ಯಾಟರಿ ಚಾರ್ಜ್ ಮಾಡ್ಲಾಕ ಆಗಾಗ ಮ್ಯಾಲ ಬರ್ಬೇಕು. ಚಕ್ರಾಕ್ಕ ಆ ತ್ರಾಸಿಲ್ಲ. ಸಮುದ್ರದ ನೀರಿಂದನೇ ಕುಡಿಯೋ ನೀರು, ಉಸಿರಾಡೋ ಗಾಳಿ ಎಲ್ಲಾ ಮಾಡ್ಕೋತದ. ತಿಂಗಳಗಟ್ಟಲೆ ಒಳಗೇ ಇರ್ತದ."

"ಅಷ್ಟೆಲ್ಲ ಇದ್ದ ಮ್ಯಾಲ ಹೊರಗ ಯಾಕ ಬರ್ಬೇಕು?"

"ಒಳಗ ಇದ್ದವರಿಗಿ ರೊಟ್ಟಿ ತೀರ್ತದಲ್ರಿ!"

ದಾದಿ ನಕ್ಕ ರಭಸಕ್ಕೆ ಬುಟ್ಟಿ ಕುಣಿಯಿತು. ನಗು ನಿಂತ ಮೇಲೆ ಅವಳ ಕಣ್ಣು ಕಿಟಕಿಯ ಬದಿಯಲ್ಲಿ ಕುಳಿತ ಇನ್ನೊಬ್ಬ ಹುಡುಗಿಯ ಮೇಲೆ ಬಿತ್ತು.

"ಈ ಪೋರಿ ಯಾಕ ಹಿಂಗ ಗಪ್ ಕುಂತಾಳ?"

"ಅಕಿ ನನ್ನ ಗೆಳತಿ ರೀ, ಭುವನೇಶ್ವರಿ. ಇವತ್ತ ಮುಂಜಾನಿಂದ ಅಕಿನೂ ಸಬ್‌ಮರೀನ್ ಆಗ್ಯಾಳ."

ಮುಂದಿನ ಸೀಟಿನಲ್ಲಿದ್ದ ಭುವಿಯ ಅವ್ವ ತಿರುಗಿ ನೋಡಿ ನಕ್ಕಳು. ಭುವಿಗೆ ನಗು ಬರಲಿಲ್ಲ.

ಅವಳ ಕಣ್ಣ ಮುಂದೆ ಇದ್ದದ್ದು ಒಂದು ಮೇಣದಬತ್ತಿ. ಬೆಳಿಗ್ಗೆ ಕಲಬುರಗಿಯ ಬ್ರಹ್ಮಪುರದ ಮನೆಯಲ್ಲಿ ಹೇರ್‌ಕ್ಲಿಪ್ ಹುಡುಕುತ್ತ ಅವಳು ಕಿಟಕಿಯ ಕಟ್ಟೆಗೆ ಕೈ ಹಾಕಿದ್ದಳು. ಅಲ್ಲಿ ಮೂಲೆಯಲ್ಲಿದ್ದ ಅರ್ಧ ಮೇಣದಬತ್ತಿ ನಡು ಮುರಿದವರ ಹಾಗೆ ಬಗ್ಗಿ ಕಟ್ಟೆಗೆ ಅಂಟಿಕೊಂಡಿತ್ತು.

"ಈ ಬಿಸಲಿಗಿ ಮೇಣ ಎಲ್ಲಿ ನಿಲ್ತದ?" ಎಂದು ಅವ್ವ ಅದನ್ನು ಕಿತ್ತು ಎಸೆದಿದ್ದಳು. ಭುವಿ ತಾಟಿನಲ್ಲಿದ್ದ ರೊಟ್ಟಿ ಹಾಗೇ ಬಿಟ್ಟು ಬಂದಿದ್ದಳು.

ಆದದ್ದು ಇಷ್ಟು. ಚಳಿಗಾಲದಲ್ಲಿ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ ಇತ್ತು. "ಥರ್ಮಾಕೋಲ್ ತರಂಗಿಲ್ಲ, ಅಂಗಡಿ ಮಾಡೆಲ್ ತರಂಗಿಲ್ಲ. ಮನ್ಯಾಗ ಇದ್ದಿದ್ದರಲ್ಲೇ ಮಾಡ್ರಿ" ಎಂದು ಶೀಲಾ ಮಿಸ್ ಹೇಳಿದ್ದರು. ಭುವಿ ಮತ್ತು ಅಲ್ಫಿಯಾ ಐಎನ್‌ಎಸ್ ಚಕ್ರಾ ಮಾಡುವುದೆಂದು ಆಯಿತು. ಕಪ್ಪಗೆ, ಉದ್ದಕ್ಕೆ, ಹೊಟ್ಟೆ ದುಂಡಗಿರುವ ಅಂಥ ವಸ್ತು ಮನೆಯಲ್ಲಿ ಯಾವುದಿದೆ?

ಭುವಿಗೆ ತಟ್ಟನೆ ನೆನಪಾದದ್ದು ಕಮಲಾಪುರದ ಮುತ್ಯಾನ ಸೋರೆಬುರುಡೆ. ಮುತ್ಯಾ ಅಂದರೆ ಅವಳ ಅವ್ವನ ಅಪ್ಪ ಮಲ್ಲಣ್ಣ. ಅವನ ಬಾಳೆತೋಟದಲ್ಲಿ ಮೆಟ್ಟಿಲಿರುವ ಬಾವಿ. ಒಣಗಿ ಕಟ್ಟಿಗೆಯಂತಾದ ಎರಡು ಬುರುಡೆಗಳನ್ನು ಬೆನ್ನಿಗೆ ಕಟ್ಟಿ ಅವನು ಮಕ್ಕಳಿಗೆ ಈಜು ಕಲಿಸುತ್ತಿದ್ದ. ಒಳಗೆ ಗಾಳಿಯಷ್ಟೇ ಇರುವ ಬುರುಡೆ, ಎಂಥವರನ್ನೂ ಮುಳುಗಗೊಡುವುದಿಲ್ಲ. ಅವ್ವ ಕಲಿತದ್ದು ಆ ಬುರುಡೆಯಲ್ಲಿ, ಮಾವ ಕಲಿತದ್ದು ಅದರಲ್ಲೇ. ಹೋದ ಬೇಸಿಗೆಯಲ್ಲಿ ಭುವಿಯೂ ಕಲಿತಿದ್ದಳು.

ಸಂಕ್ರಾಂತಿಗೆ ಹೋದಾಗ ಗೂಟದಿಂದ ಒಂದನ್ನು ಇಳಿಸಿ ಬ್ಯಾಗಿಗೆ ಹಾಕಿಕೊಂಡಳು. ಯಾರನ್ನೂ ಕೇಳಲಿಲ್ಲ. ತಿರುಗಿ ತಂದಿಟ್ಟರಾಯಿತು ಎಂದುಕೊಂಡಳು. ಅಲ್ಫಿಯಾಳಿಗೆ ಮಾತ್ರ "ಮುತ್ಯಾ ಕೊಟ್ಟಾನ" ಎಂದಳು.

ಬುರುಡೆಯ ಹೊಟ್ಟೆಗೆ ಎರಡು ತೂತು, ಕತ್ತಿಗೆ ಒಂದು. ಕತ್ತಿನ ತೂತಿಗೆ ಸಲೈನ್ ಪೈಪು, ಹೊಟ್ಟೆಯ ಕೆಳಗೆ ಭಾರಕ್ಕೊಂದು ಕಲ್ಲು. ಪೈಪಿನ ಬಾಯಿ ಬಿಟ್ಟರೆ ಕೆಳಗಿನಿಂದ ನೀರು ನುಗ್ಗಿ ಬುರುಡೆ ಸದ್ದಿಲ್ಲದೆ ಮುಳುಗುತ್ತಿತ್ತು. ಪೈಪಿನಲ್ಲಿ ಊದಿದರೆ ಗಾಳಿ ಒಳಗಿನ ನೀರನ್ನು ಹೊರಗೆ ದೂಡಿ, ಬುಳುಬುಳು ಎಂದು ಮೇಲೆ ಬರುತ್ತಿತ್ತು. ಚಕ್ರಾ ಮುಳುಗಿ ಏಳುವ ಗುಟ್ಟೂ ಅದೇ. ಅದರ ಹೊಟ್ಟೆಯ ತೊಟ್ಟಿಗಳಿಗೆ ನೀರು ತುಂಬಿದರೆ ಕೆಳಗೆ, ಗಾಳಿ ತುಂಬಿದರೆ ಮೇಲೆ. ನೋಡಲು ಏಳನೆಯ ಕ್ಲಾಸಿನ ದೊಡ್ಡ ಹುಡುಗರೂ ಮುಗಿಬಿದ್ದಿದ್ದರು.

ಶಿವರಾತ್ರಿಗೆ ಹೋದಾಗ ಭುವಿ ತೂತುಗಳಿಗೆ ಮೇಣ ತುಂಬಿ, ಮೇಲೆ ಕೆಮ್ಮಣ್ಣು ಸವರಿ, ಬುರುಡೆಯನ್ನು ಅದೇ ಗೂಟಕ್ಕೆ ತೂಗುಹಾಕಿ ಬಂದಳು. ಕಣ್ಣು ಮಂಜಾದ ಮುತ್ಯಾನಿಗೆ ಗೊತ್ತೇ ಆಗಲಿಲ್ಲ. ಆವಾಗ ಗಾಳಿ ಇನ್ನೂ ತಂಪಿತ್ತು.

ಈಗ ಸುಡುಬೇಸಿಗೆ. ಇವತ್ತು ಅದೇ ಬುರುಡೆ ಕಟ್ಟಿಕೊಂಡು ಮಾವನ ಮಗ ವಿವೇಕಾನಂದ ಮೊದಲ ಸಲ ಬಾವಿಗೆ ಇಳಿಯುವವನಿದ್ದ. ಅವನಿನ್ನೂ ಆರು ವರ್ಷದ ಕೂಸು.

ಬಸ್ಸಿನಲ್ಲಿ ಎರಡು ಸಲ ಭುವಿ "ಅವ್ವಾ" ಎಂದಳು. ಅವ್ವ ತಿರುಗಿದಾಗ ಮುಖವನ್ನು ಕಿಟಕಿಯ ಕಡೆ ಹೊರಳಿಸಿದಳು. "ನೀರು ಬೇಕೇನು?" ಎಂದು ಅವ್ವ ಬಾಟಲಿ ಕೊಟ್ಟಳು.

"ಏ ಭುವಿ, ಪೈಪ್ ತಂದೀನಿ" ಎಂದು ಅಲ್ಫಿಯಾ ಕಿವಿಯಲ್ಲಿ ಹೇಳಿದಳು. "ಮುತ್ಯಾಗ ತೋರ್ಸೋಣು. ಪಾಪ, ಬುರುಡಿ ಕೊಟ್ಟಾರ, ನೋಡೇ ಇಲ್ಲ."

ಭುವಿ ಅವಳ ಬ್ಯಾಗಿನ ಜಿಪ್ ಎಳೆದು ಮುಚ್ಚಿದಳು.

ತೋಟಕ್ಕೆ ಬಂದಾಗ ಮುತ್ಯಾ ಬಾವಿಯ ಮೆಟ್ಟಿಲ ಮೇಲೆ ಕುಳಿತು ಹಗ್ಗ ಬಿಗಿಯುತ್ತಿದ್ದ. ಚಡ್ಡಿ ಹಾಕಿಕೊಂಡ ವಿವೇಕನ ಬೆನ್ನಿಗೆ ಎರಡು ಬುರುಡೆಗಳು ರೆಕ್ಕೆಗಳಂತೆ ಕುಳಿತಿದ್ದವು.

"ಭುವಿ ಅಕ್ಕಾ, ನೋಡಿಲ್ಲಿ! ನಾ ಹೆದರಂಗಿಲ್ಲ!" ಎಂದು ಅವನು ಕೂಗಿದ. ಅವನ ಒಂದು ಕೈ ಮಾತ್ರ ಮುತ್ಯಾನ ಧೋತರವನ್ನು ಬಿಟ್ಟಿರಲಿಲ್ಲ.

"ಬುರುಡಿ ಇರೋ ತನ ಏನೂ ಆಗಂಗಿಲ್ಲಪ್ಪ" ಎಂದ ಮುತ್ಯಾ. "ನಿಮ್ಮಪ್ಪನ್ನ ಎತ್ತಿ ಹಿಡದದ್ದು ಇದು. ಹ್ಞೂಂ, ಇಳಿ ಈಗ."

ವಿವೇಕ ಒಂದು ಕಾಲು ನೀರಿಗಿಟ್ಟ.

"ತಡಿ ಮುತ್ಯಾ!"

ಆ ದನಿಗೆ ಬಾಳೆಗಿಡದ ಮೇಲಿನ ಹಕ್ಕಿ ಹಾರಿಹೋಯಿತು. ಅದು ತನ್ನದೇ ದನಿ ಎಂದು ಭುವಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

"ಆ ಬುರುಡಿಗಿ ತೂತು ಅವ. ನಾನೇ ಮಾಡೀನಿ. ಸಂಕ್ರಾಂತಿಗಿ ಕೇಳದೆ ಒಯ್ದಿದ್ದೆ. ಮೇಣ ತುಂಬಿ ಇಟ್ಟೀನಿ, ಮುತ್ಯಾ. ಮೇಣ ನಿಲ್ಲಂಗಿಲ್ಲ."

ಮುತ್ಯಾ ಹಗ್ಗ ಬಿಚ್ಚಿ ಬುರುಡೆ ತಿರುಗಿಸಿದ. ಹೊಟ್ಟೆಯ ಮೇಲೆ ಹೆಬ್ಬೆರಳಾಡಿಸಿದ. ಮೆತ್ತಗಾಗಿದ್ದ ಮೇಣವನ್ನು ನೂಕಿಕೊಂಡು ಬೆರಳು ಸಲೀಸಾಗಿ ಒಳಗೆ ಹೋಯಿತು.

"ಅಯ್ಯ, ನಿನ್ನ!" ಎಂದು ಅವ್ವ ಮುಂದೆ ಬಂದಳು. "ಕೂಸಿನ ಜೀಂವಾ ಹೋಗ್ತಿತ್ತಲ್ಲೇ!"

ಮುತ್ಯಾ ಕೈ ಎತ್ತಿ ಮಗಳನ್ನು ತಡೆದ.

"ಜೀಂವಾ ಹೋಗ್ತಿದ್ದಿಲ್ಲ, ಹಗ್ಗ ನನ್ನ ಕೈಯಾಗೇ ಇತ್ತು. ಆದ್ರ ಒಂದ್ಸಲ ಬುಡುಕ್ ಅಂದಿದ್ರ, ಈ ಹುಡುಗ ಜಲ್ಮದಾಗ ನೀರಿಗಿ ಇಳೀತಿದ್ದಿಲ್ಲ."

ಇಷ್ಟು ಹೇಳಿ ಬುರುಡೆಯನ್ನು ಪಕ್ಕಕ್ಕಿಟ್ಟ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಭುವಿಗೆ. ಅಲ್ಫಿಯಾ ಅವಳನ್ನೇ ನೋಡುತ್ತಿದ್ದಳು. "ಮುತ್ಯಾ ಕೊಟ್ಟಾನ ಅಂದಿದ್ದಿ" ಎಂದಳು ಮೆಲ್ಲಗೆ. ಭುವಿ ತಲೆ ತಗ್ಗಿಸಿದಳು.

"ಇದನ್ನ ಒಯ್ದು ಏನ್ ಮಾಡಿದ್ರಿ?" ಎಂದು ಕೊನೆಗೆ ಮುತ್ಯಾನೇ ಕೇಳಿದ.

ಅಲ್ಫಿಯಾ ಶುರು ಮಾಡಿದಳು. "ಚಕ್ರಾ ಮಾಡಿದ್ವಿ ರೀ. ನಮ್ಮ ನೌಕಾಪಡೆದಾಗ ಇತ್ತು, ಅಣುಶಕ್ತಿ ಸಬ್‌ಮರೀನ್. ನೂರ ಹತ್ತು ಮೀಟರ್ ಉದ್ದ! ಸಮುದ್ರದ ಒಳಗೇ ಬ್ಯಾರೆ ಸಬ್‌ಮರೀನ್‌ಗೋಳ್ನ ಹುಡುಕೋದು ಅದರ ಕೆಲಸ."

"ಇತ್ತು ಅಂದ್ರ? ಈಗಿಲ್ಲೇನು?"

"ಇಲ್ರಿ. ಅದು ರಷ್ಯಾದ್ದು. ಅಲ್ಲಿ ಅದರ ಹೆಸರು ನೆರ್ಪಾ, ಅಂದ್ರ ಸೀಲ್ ಅನ್ನೋ ನೀರಿನ ಪ್ರಾಣಿ. ಎರಡು ಸಾವಿರದ ಹನ್ನೆರಡರಾಗ ಹತ್ತು ವರ್ಷಕ್ಕಂತ ನಾವು ತಂದು, ಚಕ್ರಾ ಅಂತ ಹೆಸರಿಟ್ಟು, ವಿಶಾಖಪಟ್ಟಣದಾಗ ಇಟ್ಕೊಂಡಿದ್ವಿ. ಅದಕ್ಕಿಂತ ಮೊದಲೂ ಒಂದು ಚಕ್ರಾ ತಂದಿದ್ರು, ಮೂರು ವರ್ಷಕ್ಕ. ಎರಡೂ ವಾಪಸ್ ಕೊಟ್ರು. ಆದ್ರ ಅದರೊಳಗ ಇದ್ದು ನಮ್ಮವರು ಕಲಿತ್ರಲ್ರಿ, ಅಣುಶಕ್ತಿ ಸಬ್‌ಮರೀನ್ ನಡಸೋದು."

"ಈಜು ಕಲಿಯೋರು ಬುರುಡಿ ಕಟ್ಕೊಂಡಂಗ" ಎಂದ ಮುತ್ಯಾ. ಅವನ ಮುಖ ಅರಳಿತು. "ಭಲೆ! ಅಷ್ಟು ದೊಡ್ಡ ಸಾಮಾನು, ಕೇಳೇ ತಂದಿದ್ರಲ್ಲ?"

"ಹ್ಞೂಂ ರೀ."

"ವಾಪಸ್ ಕೊಡೋಮುಂದ ತೂತು ಮಾಡಿ ಕೊಟ್ರೇನು?"

ಮೊದಲು ವಿವೇಕ ನಕ್ಕ, ಆಮೇಲೆ ಅಲ್ಫಿಯಾ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಭುವಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

ಮುತ್ಯಾ ಗೊನೆ ಕೊಯ್ದ ಎರಡು ಬಾಳೆಗಿಡಗಳ ದಿಂಡು ಕಡಿದು ತಂದು ಜೋಡಿಸಿ ಕಟ್ಟಿದ. ವಿವೇಕ ಅದನ್ನು ಅವಚಿಕೊಂಡು ಕಾಲು ಬಡಿದ. ಬಾವಿಯ ನೀರೆಲ್ಲ ಮೆಟ್ಟಿಲ ಮೇಲೆ ಬಂತು.

"ಚಕ್ರಾ ಇಷ್ಟು ಸಪ್ಪಳ ಮಾಡಿದ್ರ ಅದರ ಕಥಿ ಮುಗೀತು!" ಎಂದು ಅಲ್ಫಿಯಾ ದಂಡೆಯಿಂದ ಕೂಗಿದಳು.

ಹುಡುಗ ದಣಿದು ಮೇಲೆ ಬಂದು, ಕೆಂಪು ಬಾಳೆಹಣ್ಣು ತಿನ್ನುತ್ತ ಕುಳಿತ ಮೇಲೆ ಮುತ್ಯಾ ತೂತಿನ ಬುರುಡೆಯನ್ನು ಭುವಿಯ ಮುಂದಿಟ್ಟ.

"ತೋರ್ಸು. ಹ್ಯಾಂಗ ಏಳ್ತದ ನೋಡ್ತೀನಿ."

ಭುವಿ ಮೇಣವನ್ನೆಲ್ಲ ತೆಗೆದು, ಪೈಪು ಸಿಕ್ಕಿಸಿ, ಕಲ್ಲು ಕಟ್ಟಿ ಬುರುಡೆಯನ್ನು ನೀರಿಗೆ ಬಿಟ್ಟಳು. ಅದು ಸ್ವಲ್ಪ ತೂಗಾಡಿ, ಗುಳುಕ್ಕೆನ್ನದೆ ಇಳಿಯಿತು. ಹಸಿರು ನೀರಿನಲ್ಲಿ ಕಪ್ಪು ನೆರಳಾಯಿತು. ಆಮೇಲೆ ನೆರಳೂ ಕಾಣಲಿಲ್ಲ. ಬಾವಿಯೊಳಗೆ ಏನೂ ಇಲ್ಲವೇ ಇಲ್ಲ ಎನ್ನುವಷ್ಟು ನೀರು ತೆಪ್ಪಗಾಯಿತು. ಎಲ್ಲರೂ ಬಗ್ಗಿ ನೋಡಿದರು.

ಭುವಿ ಪೈಪಿಗೆ ಬಾಯಿಟ್ಟು, ಎದೆಯಲ್ಲಿದ್ದಷ್ಟೂ ಗಾಳಿ ಊದಿದಳು. ಮೊದಲು ಗುಳ್ಳೆ ಎದ್ದವು. ಅವುಗಳ ಹಿಂದೆಯೇ ಬುರುಡೆ ಮೈ ಮಿಂಚಿಸುತ್ತ ಮೇಲೆ ಬಂತು.

"ಶಾಬ್ಬಾಸ್!" ಎಂದು ಮುತ್ಯಾ ತೊಡೆ ತಟ್ಟಿದ. "ಇನ್ನೊಂದ್ಸಲ ಮಾಡು."

ಇನ್ನೊಂದು ಸಲ ಅಂದದ್ದು ಎಷ್ಟೋ ಸಲವಾಯಿತು. ಮುತ್ಯಾನೂ ಊದಿದ. ಅವ್ವನೂ ಊದಿದಳು.

ಸಂಜೆ ಬಸ್ಸಿಗೆ ಹೊರಡುವಾಗ ಬುರುಡೆ ಪಡಸಾಲೆಯ ಕಟ್ಟೆಯ ಮೇಲಿತ್ತು. ಭುವಿಯ ಬ್ಯಾಗು ಪಕ್ಕದಲ್ಲೇ ಬಾಯಿ ತೆರೆದುಕೊಂಡಿತ್ತು. ಅವಳು ಬುರುಡೆಯನ್ನು ಮುಟ್ಟಲಿಲ್ಲ. ಅಂಗಳದಲ್ಲಿ ನಿಂತಿದ್ದ ಮುತ್ಯಾನ ಹತ್ತಿರ ಹೋದಳು.

"ಮುತ್ಯಾ, ಆ ಬುರುಡಿ ಒಯ್ಯಲೇನು?"

ಮುತ್ಯಾ ಅವಳನ್ನು ತಲೆಯಿಂದ ಕಾಲಿನ ತನಕ ನೋಡಿದ.

"ಎಷ್ಟು ವರ್ಷಕ್ಕ?"

ಭುವಿ ಯೋಚಿಸಿದಳು. ಇದು ನಗುವ ಮಾತಾಗಿರಲಿಲ್ಲ.

"ಹತ್ತು ವರ್ಷಕ್ಕ" ಎಂದಳು.

ಮುತ್ಯಾ ಒಳಗೆ ಹೋಗಿ ಬುರುಡೆಯನ್ನು ತನ್ನ ಹಳೆಯ ಟವೆಲಿನಲ್ಲಿ ಸುತ್ತಿ ತಂದು, ಎರಡೂ ಕೈಯಿಂದ ಅವಳ ಕೈಗೆ ಕೊಟ್ಟ.